ಹಾಡು ಪುಸ್ತಕಕ್ಕೆ ಬಂತು, ಹಾಡಿದವಳು ಸಾಲಿಗೆ ಬರಲಿಲ್ಲ

1

ಗೋಕಾಕ ಅಂದ ಕೂಡಲೆ ನಾಡಿನ ಮಂದಿಗೆ ಮೂರು ಸಂಗತಿ ನೆನಪಾಗುತ್ತವೆ. ಘಟಪ್ರಭೆಯ ಧಬಧಬಿ, ಕರದಂಟು, ಮತ್ತು 1982ರ ಗೋಕಾಕ ಚಳವಳಿ. ಚಳವಳಿಗೂ ಈ ಊರಿಗೂ ಇರುವ ನಂಟು ಬರೀ ಹೆಸರಿನದು. ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಈ ಸೀಮೆಯ ಮಣ್ಣಿನಲ್ಲೇ ಹುಟ್ಟಿ ಕನ್ನಡಕ್ಕೆ ಒಂದು ಪರಂಪರೆ ಕಟ್ಟಿಕೊಟ್ಟವರು ಬೇರೆ ಇದ್ದಾರೆ. ಗೋಕಾಕ ತಾಲೂಕಿನ ಬೆಟಗೇರಿಯಿಂದ ಕೃಷ್ಣಶರ್ಮರು, ಅಂದರೆ ಆನಂದಕಂದರು. ಅದೇ ತಾಲೂಕಿನ ಮಲಾಮರಡಿಯಿಂದ ಬಸವರಾಜ ಕಟ್ಟೀಮನಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಚಂದ್ರಶೇಖರ ಕಂಬಾರ. ಈಗ ಬೇರೆ ತಾಲೂಕಾಗಿರುವ ಮೂಡಲಗಿಯ ಕಡೆ ಹೊರಳಿದರೆ ಕುಲಗೋಡ. ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ಹೊಂದಿಸಿದ ತಮ್ಮಣ್ಣನ ಊರು ಅದು.

ಈ ಹೆಸರುಗಳನ್ನು ನಮ್ಮ ಕಡೆ ಎರಡು ರೀತಿಯಲ್ಲಿ ಬಳಸುತ್ತಾರೆ. ಸಮ್ಮೇಳನದ ಮಂದಿ ಮಹಾದ್ವಾರಕ್ಕೆ ಒಂದು ಹೆಸರು, ಮಂಟಪಕ್ಕೆ ಒಂದು ಹೆಸರು ಬರೆದು, ಫೋಟೋಕ್ಕೆ ಹಾರ ಹಾಕಿ ಕೈ ತೊಳಕೊಳ್ಳುತ್ತಾರೆ. ನಮ್ಮ ಹುರುಪಿನ ಹುಡುಗರು ‘ಅವರೆಲ್ಲಾ ಹಳೇ ಮಂದಿ, ಅವರ ಸಾಹಿತ್ಯದಾಗ ನಮ್ಮ ಕೇರಿ ಎಲ್ಲೈತಿ?’ ಎಂದು ಒಂದೇ ಮಾತಿನಲ್ಲಿ ಹೊಡೆದು ಹಾಕುತ್ತಾರೆ. ಹಾರ ಹಾಕಿದವರೂ ಓದುವುದಿಲ್ಲ, ಹೊಡೆದು ಹಾಕಿದವರೂ ಓದುವುದಿಲ್ಲ. ಈ ಸೀಮೆಯ ಸಾಲಿಗಳಲ್ಲಿ ಮಾಸ್ತರಿಕೆ ಮಾಡುತ್ತ ಇವರ ಪುಸ್ತಕಗಳನ್ನು ಓದಿದವನಾಗಿ ನನ್ನ ಲೆಕ್ಕವನ್ನು ಇಲ್ಲಿ ಮುಂದಿಡುತ್ತೇನೆ. ಇವರು ನಮಗೆ ಏನು ಕೊಟ್ಟರು? ಯಾರಿಂದ ತಗೊಂಡು ಕೊಟ್ಟರು? ತಗೊಂಡದ್ದರ ಸಾಲ ತೀರಿತೇ? ಕೇಳಬೇಕಾದ ಪ್ರಶ್ನೆ ಈ ಮೂರೇ.

2

ಪರಂಪರೆಯ ಮಾತಿಗಿಂತ ಮೊದಲು ಸಾಲಿಯ ಮಾತು ಆಡೋಣ. ಯಾಕಂದ್ರ ಹಾಡು ಬರೆದಿಡಬೇಕಾದರೆ ಅಕ್ಷರ ಬೇಕು, ಅಕ್ಷರ ಸಾಲಿಯಲ್ಲಿ ಇತ್ತು, ಸಾಲಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ನಮ್ಮ ಭಾಗ ಆಗ ಮುಂಬಯಿ ಇಲಾಖೆಯಲ್ಲಿತ್ತು. 1856ರಲ್ಲಿ ಧಾರವಾಡದ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿರೆಂದು ಒಬ್ಬ ಮಹಾರ ಹುಡುಗ ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಬಿಡದೆ ಸರಕಾರಕ್ಕೆ ಅರ್ಜಿ ಬರೆದ. ನ್ಯಾಯ ಅವನ ಕಡೆಗಿದೆ ಎಂದು ಮುಂಬಯಿ ಸರಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೂ, ಇವನೊಬ್ಬನನ್ನು ಸೇರಿಸಿದರೆ ಉಳಿದವರಿಗೆ ಸಾಲಿಯಿಂದ ಉಪಯೋಗ ಇಲ್ಲದಂತಾದೀತು ಎಂದು ಕೈಚೆಲ್ಲಿತು. ಆಮೇಲೆ ಲಂಡನ್ನಿನ ದೊರೆಗಳು ಸರಕಾರಿ ಸಾಲಿ ಎಲ್ಲ ಜಾತಿಗೂ ತೆರೆದದ್ದು ಎಂದು ಹೇಳಿ ಕಳಿಸಿದರು. ಹೇಳಿಕೆ ಕಾಗದದಲ್ಲಿ ಉಳಿಯಿತು. ಈ ಹುಡುಗನ ಕತೆಯನ್ನು ಹೇಳುವ ಪುಸ್ತಕಗಳು ಅವನನ್ನು ‘ಒಬ್ಬ ಮಹಾರ ಹುಡುಗ’ ಎಂದೇ ಕರೆದು ಮುಂದೆ ಹೋಗುತ್ತವೆ.

ಕೃಷ್ಣಶರ್ಮರು ಹುಟ್ಟಿದ್ದು ಇದಾದ 44 ವರ್ಷಕ್ಕೆ, 1900ರಲ್ಲಿ. ಅವರಿಗೆ 25 ತುಂಬಿದಾಗ, 1925ರಲ್ಲಿ, ಹುಕ್ಕೇರಿಯಿಂದ ದೂರವಿಲ್ಲದ ನಿಪ್ಪಾಣಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿಗೆ ಬಂದು ಮಾತಾಡಿದರು. ಮುಂದೆ ಅವರ ಶಿಕ್ಷಣ ಸಂಸ್ಥೆಯ ವಸತಿಗೃಹ ಧಾರವಾಡದಲ್ಲೂ ತೆರೆಯಿತು. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ 50 ಮೀಸಲು ಇಟ್ಟಿದ್ದರು. ಅಂದರೆ ನಮ್ಮ ಸೀಮೆಯ ಸಾಹಿತಿಗಳು ಕಣ್ಣು ತೆರೆದದ್ದು ಇಂಥ ಗಾಳಿಯಲ್ಲಿ. ಕನ್ನಡದ ಏಕೀಕರಣದ ಗಾಳಿ ಅವರಿಗೆ ಜೋರಾಗಿ ತಾಗಿತು. ನಿಪ್ಪಾಣಿಯ ಗಾಳಿ ಎಷ್ಟು ತಾಗಿತು ಎಂಬುದನ್ನು ಅವರ ಪುಸ್ತಕಗಳಲ್ಲೇ ನೋಡಬೇಕು.

3

ಬೆಟಗೇರಿ ಕೃಷ್ಣಶರ್ಮರ ದೊಡ್ಡ ಕೆಲಸ ಭಾಷೆಯದು. ಶಿಷ್ಟರು ‘ಹಳ್ಳಿಗರ ಒರಟು ಮಾತು’ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ನಮ್ಮ ಕಡೆಯ ಆಡುಮಾತಿನಲ್ಲೇ ಕವಿತೆ ಕಟ್ಟಿದರು. ‘ನಲ್ವಾಡುಗಳು’ ಓದಿದರೆ ಅಲ್ಲಿ ಪಂಡಿತನ ನಾಲಿಗೆ ಇಲ್ಲ, ಗೋಕಾಕ ಸಂತೆಗೆ ಹೋಗುವ ಹೆಣ್ಣುಮಗಳ ನಾಲಿಗೆ ಇದೆ. ‘ಜಯಂತಿ’ ಪತ್ರಿಕೆಯನ್ನು ಕಷ್ಟಪಟ್ಟು ನಡೆಸಿದರು. ಹರಿದಾಸರ ಹಾಡುಗಳನ್ನು ಸಂಪಾದಿಸಿದರು. ಜನಪದ ಸಾಹಿತ್ಯ ಅಂದರೆ ಸಾಹಿತ್ಯ ಎಂದು ವಿದ್ವಾಂಸರ ಮುಂದೆ ವಾದ ಮಾಡಿದರು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು ಒಕ್ಕಲುತನದ ಮಂದಿಯ ಮಾತಿಗೆ ಕಿವಿಗೊಟ್ಟು ಕಲಿತದ್ದು ಸಣ್ಣ ಸಂಗತಿಯಲ್ಲ. ಇವತ್ತು ನಾವು ನಮ್ಮ ಕೇರಿಯ ಮಾತಿನಲ್ಲಿ ಕತೆ ಬರೆದು ಅಚ್ಚಿಗೆ ಕೊಡುತ್ತೇವೆಂದರೆ, ಆ ದಾರಿಯ ಮುಳ್ಳು ಸ್ವಲ್ಪ ಅವರೂ ಆರಿಸಿದ್ದಾರೆ. ಇದನ್ನು ಒಪ್ಪದಿದ್ದರೆ ನಾವು ಕೃತಘ್ನರಾಗುತ್ತೇವೆ.

ಇನ್ನು ಪ್ರಶ್ನೆ. ‘ಕಾರಹುಣ್ಣಿಮೆ’ ಎಂಬುದು ಅವರ ಒಂದು ಸಂಕಲನದ ಹೆಸರು. ನಮ್ಮ ಕಡೆ ಕಾರಹುಣ್ಣಿಮೆ ಅಂದರೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುವ ಹಬ್ಬ. ಒಕ್ಕಲಿಗನ ಮನೆಯ ಸಡಗರ. ಆದರೆ ಅದೇ ಎತ್ತು ಮುಂದೊಂದು ದಿನ ಸತ್ತಾಗ ಅದನ್ನು ಎಳೆದುಕೊಂಡು ಹೋಗಬೇಕಾದವನಿಗೆ ಆ ಹಬ್ಬದಲ್ಲಿ ಎಲ್ಲಿ ಜಾಗ? ಹಲಗಿ ಬಾರಿಸಿ ದೂರ ನಿಲ್ಲಬೇಕು. ಕೃಷ್ಣಶರ್ಮರ ಹಳ್ಳಿ ಅಂಗಳದ ಹಳ್ಳಿ. ಅಂಗಳದಾಚೆಯ ಕೇರಿಯ ತನಕ ಆ ಕಾವ್ಯ ನಡೆದು ಬರುವುದಿಲ್ಲ. ‘ರಾಜಯೋಗಿ’, ‘ಅಶಾಂತಿಪರ್ವ’ದಂಥ ಐತಿಹಾಸಿಕ ಕಾದಂಬರಿ ಬರೆಯುವಾಗ ವಿಜಯನಗರದ ವೈಭವ ಅವರ ಕಣ್ಣು ತುಂಬಿತು. ಸೋತ ಕನ್ನಡಿಗನಿಗೆ ಆಗ ಅಂಥ ಕನಸು ಬೇಕಿತ್ತೆಂದು ಒಪ್ಪೋಣ. ಆದರೂ ಕಲ್ಲು ಹೊತ್ತವನ ಚರಿತ್ರೆ ಬರೆಯುವ ಕೆಲಸ ಹಾಗೇ ಉಳಿಯಿತು.

ಅವರೊಬ್ಬರ ದೋಷ ಎಂದು ಇದನ್ನು ಹೇಳುತ್ತಿಲ್ಲ. ಬಿಜಾಪುರದ ಕಡೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸುವ ಕಲ್ಲಿನ ಮುಂದಿನ ಹೆಣ್ಣಿನ ದನಿ ಮೊದಲ ಸಲ ನಾಡಿಗೆಲ್ಲ ಕೇಳಿಸಿತು. ದೊಡ್ಡ ಉಪಕಾರ. ಆದರೆ ಹೆಸರು ನೋಡಿರಿ: ಗರತಿ. ಹಾಗಾದರೆ ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುವ ಜೋಗತಿ ಯಾರು? ಅವಳ ಹಾಡನ್ನು ಯಾವ ಹೆಸರಿನಿಂದ ಕರೆಯಬೇಕು? ಆ ತಲೆಮಾರು ಜನಪದವನ್ನು ಅಚ್ಚಿನ ಮನೆಗೆ ಕರೆದುಕೊಂಡು ಬರುವಾಗ ಹೊಸ್ತಿಲಲ್ಲಿ ನಿಂತು ಮಡಿಬಟ್ಟೆ ಉಡಿಸಿಯೇ ಒಳಗೆ ಕರೆಯಿತು.

4

ಆಡುಮಾತಿಗೆ ಬರಹದ ಮರ್ಯಾದೆ ಸಿಗಬೇಕೆಂಬ ಈ ಜಗಳ, ಹಾಡು ಕೂಡಿಡುವ ಈ ಹಂಬಲ ನಮ್ಮಲ್ಲಿ ಮಾತ್ರ ಆದದ್ದಲ್ಲ. ದೂರದ ಒಂದು ಸಣ್ಣ ನಾಡಿನ ಕತೆ ಹೇಳುತ್ತೇನೆ. ನಮ್ಮನ್ನು ನಾವು ನೋಡಿಕೊಳ್ಳಲು ಅದು ಬೇಕಾಗುತ್ತದೆ.

ಆರ್ಮೇನಿಯಾ. ಗುಡ್ಡಗಾಡು ನಾಡು, ಸುತ್ತಲೂ ದೊಡ್ಡ ಸಾಮ್ರಾಜ್ಯಗಳು. ಸುಮಾರು 405ರಲ್ಲಿ ಮೆಸ್ರೋಪ್ ಮಾಷ್ಟೋತ್ಸ್ ಎಂಬ ಸನ್ಯಾಸಿ ಅವರಿಗೆ ಲಿಪಿ ಕಟ್ಟಿಕೊಟ್ಟ. ಆಮೇಲೆ ನೂರಾರು ವರ್ಷ ಬರಹ ಚರ್ಚಿನ ಕೈಯಲ್ಲೇ ಉಳಿಯಿತು. ಬರೆಯುವ ಭಾಷೆ ಗ್ರಬಾರ್ ಅಂತ, ನಮ್ಮ ಸಂಸ್ಕೃತದ ಹಾಗೆ ಜನಕ್ಕೆ ತಿಳಿಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಖಚತೂರ್ ಅಬೋವ್ಯಾನ್ ಎಂಬ ಸಾಲಿ ಮಾಸ್ತರ ಬಂದ. ತನ್ನ ಹುಡುಗರಿಗೆ ತಮ್ಮ ನುಡಿಯ ಪುಸ್ತಕ ಓದಿಸಿದರೆ ತಿಳಿಯದೆ ಬೇಸರಪಡುವುದನ್ನು ಕಂಡ. ಹಳ್ಳಿಯವರು ಆಡುವ ಮಾತಿನಲ್ಲೇ ‘ಆರ್ಮೇನಿಯಾದ ಗಾಯಗಳು’ ಎಂಬ ಕಾದಂಬರಿಯನ್ನು 1841ರಲ್ಲಿ ಬರೆದ. 1848ರಲ್ಲಿ ಒಂದು ದಿನ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಪುಸ್ತಕ ಅಚ್ಚಾದದ್ದು 1858ರಲ್ಲಿ. ಇವತ್ತು ಆ ಭಾಷೆಯ ಹೊಸ ಸಾಹಿತ್ಯಕ್ಕೆ ಅವನೇ ಮೊದಲಿಗ.

ಅವನ ನಂತರ ಕೋಮಿತಾಸ್. 1869ರಲ್ಲಿ ಹುಟ್ಟಿದ ಅನಾಥ ಹುಡುಗ, ಬೆಳೆದು ಪಾದ್ರಿಯಾದ. ಹಳ್ಳಿ ಹಳ್ಳಿ ತಿರುಗಿ ರೈತರ ಹಾಡು, ನೇಗಿಲ ಹಾಡು, ಮದುವೆಯ ಹಾಡುಗಳನ್ನು ಸಾವಿರಗಟ್ಟಲೆ ಸ್ವರ ಹಾಕಿ ಬರೆದುಕೊಂಡ. 1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ತುರ್ಕಿ ಸರಕಾರ ಆರ್ಮೇನಿಯದ ಲೇಖಕರನ್ನೂ ಮಾಸ್ತರರನ್ನೂ ಹಿಡಿಯಿತು, ಅವರೊಳಗೆ ಇವನೂ ಒಬ್ಬ. ಬಹಳ ಮಂದಿಯನ್ನು ಕೊಂದರು. ಲಕ್ಷಗಟ್ಟಲೆ ಜನರ ನರಮೇಧ ನಡೆಯಿತು. ಕೋಮಿತಾಸ್ ಜೀವ ಉಳಿಸಿಕೊಂಡ, ಬುದ್ಧಿ ಉಳಿಯಲಿಲ್ಲ. 1935ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ. ಅವನು ಹಾಡು ಬರೆದುಕೊಂಡ ಎಷ್ಟೋ ಹಳ್ಳಿಗಳಲ್ಲಿ ಹಾಡುವವರೇ ಉಳಿಯಲಿಲ್ಲ.

ಅಲ್ಲಿ ಹಾಡಿದವರನ್ನು ಕೊಂದರು, ಹಾಡು ಉಳಿಯಿತು. ಹಾಗಾಗಿ ಅವರಿಗೆ ಆ ವಹಿಗಳೇ ನಾಡು. ನಮ್ಮಲ್ಲಿ ಹಾಡಿದವರೂ, ಅವರ ಮಕ್ಕಳೂ, ಮೊಮ್ಮಕ್ಕಳೂ ಕಣ್ಣ ಮುಂದೆ ಇದ್ದಾರೆ. ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾರೆ, ಕಬ್ಬು ಕಡಿಯಲು ಟ್ರ್ಯಾಕ್ಟರ ಹತ್ತುತ್ತಿದ್ದಾರೆ. ಇದ್ದವರನ್ನು ಬಿಟ್ಟು ಹಾಡನ್ನು ಮಾತ್ರ ಕಾಪಾಡಿದರೆ ಅದು ಎಂಥ ಪರಂಪರೆ?

5

ಕಟ್ಟೀಮನಿಯವರಿಗೆ ಬರೋಣ. 1919ರಲ್ಲಿ ಹುಟ್ಟಿದವರು, 1942ರ ಚಳವಳಿಯಲ್ಲಿ ಹಿಂಡಲಗಾ ಜೈಲು ಕಂಡವರು, ಪ್ರಗತಿಶೀಲ ಪಂಥದ ಗಟ್ಟಿ ಆಳು. ಚರಿತ್ರೆ ಅಂದರೆ ಅರಸರ ಚರಿತ್ರೆ ಎಂಬ ಭ್ರಮೆಯನ್ನು ನಮ್ಮ ಸೀಮೆಯಲ್ಲಿ ಮುರಿದವರು ಇವರು. ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಸ್ವಾತಂತ್ರ್ಯ ಹೋರಾಟ ಹಳ್ಳಿಯ ಸಾಮಾನ್ಯರ ಹೋರಾಟವಾಗಿ ಬಂತು. ‘ಜರತಾರಿ ಜಗದ್ಗುರು’ ಬರೆದು ಮಠಗಳ ಬಣ್ಣ ಬಯಲು ಮಾಡಿದರು. ಮಠದ ಪಾದಪೂಜೆ ಮಾಡದೆ ಊರಲ್ಲಿ ಬಾಳುವುದೇ ಕಷ್ಟವಾದ ಈ ಸೀಮೆಯಲ್ಲಿ ನಿಂತು ಹಾಗೆ ಬರೆಯುವುದಕ್ಕೆ ಎದೆ ಬೇಕು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1989ರಲ್ಲಿ ತೀರಿಕೊಂಡರು.

ಬಂಡಾಯದ ಹಿರಿಯಣ್ಣ ಎಂದು ಅವರನ್ನು ಕರೆದರೆ ತಪ್ಪಿಲ್ಲ. ಆದರೆ ಅಣ್ಣನ ಜೊತೆ ಜಗಳ ಇಲ್ಲದ ತಮ್ಮ ಎಲ್ಲಿದ್ದಾನೆ? ಕಟ್ಟೀಮನಿಯವರು ಬಡವನ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡಿದರು. ಬಡವನೇ ಮಾತಾಡಲಿ ಎಂದು ಸುಮ್ಮನಾದದ್ದು ಕಡಿಮೆ. ನನ್ನ ಓದಿನಲ್ಲಿ, ಅವರ ಕಾದಂಬರಿಗಳಲ್ಲಿ ಅನ್ಯಾಯ ಕಾಣುವ ಕಣ್ಣು ಬಹಳ ಕಡೆ ಓದಿದ ತರುಣನದು. ಕೇರಿಯ ಹೆಣ್ಣು ಮರುಕಕ್ಕೆ ಪಾತ್ರಳು, ಸಿಟ್ಟಿಗೆ ಒಡತಿಯಲ್ಲ. ಆ ಕೊರತೆ ತುಂಬಬೇಕಾದರೆ ಕೇರಿಯವರೇ ಪೆನ್ನು ಹಿಡಿಯಬೇಕಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ನಮ್ಮ ಉತ್ತರದ ಕಡೆಯಿಂದ 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂತು. ಮರುಕದಿಂದ ಸ್ವಾನುಭವಕ್ಕೆ ಬರಲು ಕನ್ನಡಕ್ಕೆ ಇಷ್ಟು ಕಾಲ ಹಿಡಿಯಿತು.

6

ಕಂಬಾರರ ಮಾತು ಬೇರೆ. ಇವರು ಒಳಗಿನವರು. 1937ರಲ್ಲಿ ಘೋಡಗೇರಿಯ ಕಮ್ಮಾರಿಕೆಯ ಮನೆಯಲ್ಲಿ ಹುಟ್ಟಿದವರು. ಊರಿಗೆಲ್ಲ ಕುಡ, ಕುಡಗೋಲು ಬಡಿದುಕೊಡುವ ಮನೆ. ಬಡತನದಿಂದ ಸಾಲಿ ಬಿಡಬೇಕಾದಾಗ ಸಾವಳಗಿ ಮಠದ ಸ್ವಾಮಿಗಳು ಕೈ ಹಿಡಿದರೆಂದು ಅವರೇ ನೆನೆಯುತ್ತಾರೆ. ಒಬ್ಬ ಕಟ್ಟೀಮನಿ ಮಠವನ್ನು ಜಾಲಾಡಿದರು, ಒಬ್ಬ ಕಂಬಾರರು ಮಠದ ಅನ್ನ ಉಂಡು ಓದಿದರು. ಎರಡೂ ನಮ್ಮ ಸೀಮೆಯ ಸತ್ಯ. ಸರಕಾರ ಮಾಡಬೇಕಾದ ಕೆಲಸ ಮಾಡದಿದ್ದಾಗ ಬಡ ಹುಡುಗ ಯಾರ ಬಾಗಿಲಿಗಾದರೂ ಹೋಗಿ ನಿಲ್ಲಬೇಕಾಗುತ್ತದೆ.

1972ರ ‘ಜೋಕುಮಾರಸ್ವಾಮಿ’ಯಲ್ಲಿ ಕಂಬಾರರು ಒಂದು ಹಬ್ಬದ ಕತೆಯನ್ನು ಹೊಲದ ಹಕ್ಕಿನ ಕತೆ ಮಾಡಿದರು. ಹೊಲ ಉಳುವವನದೋ, ಬಂದೂಕಿನ ಗೌಡನದೋ? 1974ರ ಭೂಸುಧಾರಣೆಗೆ ಮೊದಲೇ ಈ ಪ್ರಶ್ನೆ ರಂಗದ ಮೇಲೆ ನಿಂತಿತು. ಅದು ಬಂಡಾಯವಲ್ಲದೆ ಮತ್ತೇನು? 1985ರಲ್ಲಿ ಅವರ ಸಂಪಾದಕತ್ವದಲ್ಲಿ ‘ಕನ್ನಡ ಜಾನಪದ ವಿಶ್ವಕೋಶ’ ಬಂತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿ. 2010ನೆಯ ಸಾಲಿನ ಜ್ಞಾನಪೀಠ ಅವರಿಗೆ ಬಂತು. ಕಮ್ಮಾರನ ಮಗ ವಿದ್ಯೆಯ ಕುಲುಮೆಗೇ ಯಜಮಾನನಾದ.

ಆದರೂ ಕೇಳಬೇಕು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು ಮನೆ ಮನೆಗೆ ಬಂದು ಹಾಡುವವರು ಅಂಬಿಗರ ಹೆಣ್ಣುಮಕ್ಕಳು. ಬೆಂಗಳೂರಿನ ನಾಟಕಶಾಲೆಯಲ್ಲಿ ಜೋಕುಮಾರನಿಗೆ ಚಪ್ಪಾಳೆ ಬಿತ್ತು. ನಮ್ಮೂರ ಬಾಗಿಲಲ್ಲಿ ಅವನನ್ನು ಹೊತ್ತವಳಿಗೆ ಒಂದು ಮರ ಜೋಳ, ಒಂದು ಹಿಡಿ ಉಪ್ಪು ಮೆಣಸಿನಕಾಯಿ. ಕಲೆಗೆ ಬಂದ ಮರ್ಯಾದೆ ಕಲೆಯನ್ನು ಹೊತ್ತವರ ತನಕ ಇಳಿದು ಬರಲಿಲ್ಲ. ಇದು ಕಂಬಾರರೊಬ್ಬರ ತಪ್ಪಲ್ಲ, ಅವರನ್ನು ಮೆಚ್ಚಿಕೊಂಡ ನಮ್ಮೆಲ್ಲರ ತಪ್ಪು. ಅವರ ಶಿವಾಪುರ ಬಹಳ ಚಂದದ ಊರು. ಅಲ್ಲಿ ದುಃಖವೂ ಹಾಡಾಗಿ ಬಿಡುತ್ತದೆ. ಹಾಡಾದ ದುಃಖಕ್ಕೆ ತಲೆದೂಗಿ ಮನೆಗೆ ಹೋಗಿ ನಿದ್ದೆ ಮಾಡುವುದು ಸುಲಭ.

7

ಕುಲಗೋಡಕ್ಕೆ ಬಂದೆ. ಪಾರಿಜಾತವನ್ನು ಬರೆದವನು ಅಪರಾಳ ತಮ್ಮಣ್ಣ, ಅದನ್ನು ಆಟಕ್ಕೆ ಹೊಂದಿಸಿದವನು ಕುಲಗೋಡ ತಮ್ಮಣ್ಣ. ಯಾರದೆಷ್ಟು ಎಂದು ವಿದ್ವಾಂಸರು ಚರ್ಚೆ ಮಾಡಿದ್ದಾರೆ. ಆದರೆ ಆ ಆಟವನ್ನು ಕೊರಳಿನಿಂದ ಊರೂರಿಗೆ ಒಯ್ದವಳು ಪಕ್ಕದ ಕೌಜಲಗಿಯ ನಿಂಗಮ್ಮ. ಹೆಣ್ಣಿನ ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಬಯಲಿಗೆ ಬಂದು ನಿಂತವಳು. ನನ್ನ ಏಳನೆಯ ವರ್ಗದಲ್ಲಿ ಕೇಳಿದೆ. ಕೃಷ್ಣ ಗೊತ್ತು, ಸತ್ಯಭಾಮೆ ಗೊತ್ತು, ಗೊಲ್ಲತಿ ಗೊತ್ತು. ನಿಂಗಮ್ಮ ಯಾರು? ಒಂದು ಕೈ ಎತ್ತಲಿಲ್ಲ.

ಆ ವರ್ಷವೇ ಹಾಡು ಬರಕೊಳ್ಳುವ ಹುಚ್ಚು ನನಗೂ ಹತ್ತಿತು. ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಚೌಡಿಕೆ ಪದ ಹಾಡುವ ಮುದುಕಿಯೊಬ್ಬಳ ಮನೆಗೆ ಹೋದೆ. ಮೂರು ಸಂಜೆ ಹಾಡಿದಳು. ಮೂರನೆಯ ಸಂಜೆ ಕೇಳಿದಳು:

‘ಇದನ್ನೆಲ್ಲಾ ಬರಕೊಂಡ ಏನ ಮಾಡ್ತೀರಿ ಸರ?’

‘ಪುಸ್ತಕ ಮಾಡ್ತೀನಿ ಆಯಿ. ನಿನ್ನ ಹೆಸರು ಹಾಕ್ತೀನಿ.’

‘ಹೆಸರ ಹಾಕಬ್ಯಾಡ್ರಿ.’

‘ಯಾಕ ಆಯಿ?’

‘ನನಗ ಮುತ್ತ ಕಟ್ಟಿದ್ದು ಊರಿಗೆ ಗೊತ್ತೈತಿ. ನಿಮ್ಮ ಪುಸ್ತಕದಾಗ ಬಂದ್ರ ನಾಡಿಗೆಲ್ಲ ಗೊತ್ತಾಗತೈತಿ. ನನ್ನ ಮೊಮ್ಮಗಳು ಒಂಬತ್ತನೇತ್ತೆ ಅದಾಳ. ನಾಳೆ ಅಕಿ ಲಗ್ನಕ್ಕ ಯಾರ ಬರ್ತಾರ? ಹೆಸರ ಇರ್ಲಿ ಬಿಡ್ರಿ. ಅಕಿಗೆ ಹಾಸ್ಟೆಲ್‌ನಾಗ ಒಂದ ಸೀಟ ಕೊಡಸ್ತೀರೇನು?’

ನಾನು ಬಾಯಿ ಮುಚ್ಚಿದೆ. ಹಾಡಿದವಳ ಹೆಸರು ಬರೆಯದವರನ್ನು ಬೈಯುತ್ತ ಹೋದವನು ನಾನು. ಹೆಸರು ಬರೆದರೆ ಯಾರ ಬೆನ್ನಿಗೆ ಬೀಳುತ್ತದೆ ಎಂದು ಯೋಚನೆ ಮಾಡಿರಲಿಲ್ಲ. ಹಳೆಯ ಸಂಗ್ರಹಕಾರರಿಗೂ ಇಂಥ ಒಬ್ಬ ಆಯಿ ‘ಬ್ಯಾಡ್ರಿ’ ಅಂದಿರಬಹುದು. ಆದರೆ ಅವಳು ಬೇಡ ಅನ್ನುವ ಹಾಗೆ ಮಾಡಿದ್ದು ಯಾವುದು ಎಂದು ಆ ಸಂಗ್ರಹಗಳ ಮುನ್ನುಡಿಗಳು ಕೇಳಬೇಕಿತ್ತು. ಇಲ್ಲಿಯೂ ಅವಳ ಹೆಸರು ಇಲ್ಲ, ಅವಳ ಮಾತಿನ ಪ್ರಕಾರ. ಸೀಟಿಗಾಗಿ ಅಲೆದೆವು. ಒಂದು ಕಚೇರಿಯಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ ಇದೆ ಎಂದು ಅರ್ಜಿ ತಿರುಗಿ ಕೊಟ್ಟರು. ನಾಲ್ಕು ಸಲ ಹೋದ ಮೇಲೆ ತಗೊಂಡರು. ಮೊಮ್ಮಗಳು ಈಗ ನರ್ಸಿಂಗ್ ಓದುತ್ತಾಳೆ. ಹಾಡಿನ ವಹಿ ನನ್ನ ಟ್ರಂಕಿನಲ್ಲಿದೆ.

8

1982 ಎಂಬ ಒಂದೇ ವರ್ಷವನ್ನು ತೆಗೆದುಕೊಳ್ಳಿರಿ. ಗೋಕಾಕ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿ ತುಂಬಿತು. ಬೆಟಗೇರಿ ಕೃಷ್ಣಶರ್ಮರು ತೀರಿಕೊಂಡರು, ಪತ್ರಿಕೆಗಳು ಗೌರವದಿಂದ ಬರೆದವು. ಅದೇ ವರ್ಷ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಆಯಿತು. ಮೊದಲ ಎರಡು ಸಂಗತಿ ನಮ್ಮ ಸಾಹಿತ್ಯ ಚರಿತ್ರೆಯಲ್ಲಿವೆ. ಮೂರನೆಯದು ಯಾಕಿಲ್ಲ? ಕನ್ನಡದ ಹಾಡನ್ನು ಕೊರಳಲ್ಲಿ ಉಳಿಸಿಕೊಂಡು ಬಂದ ಹೆಣ್ಣಿನ ಕತ್ತಿನ ಮುತ್ತಿನ ಮಾತು ಅದು. ಕನ್ನಡದ ಪ್ರಶ್ನೆ ಅಲ್ಲವೆ?

ಉತ್ತರ ಬರೆದವರು ಸಾಹಿತಿಗಳಲ್ಲ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ, ಮುತ್ತು ಕಟ್ಟಿಸಿಕೊಂಡಿದ್ದ ಹೆಣ್ಣುಮಕ್ಕಳೇ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಸಣ್ಣವಳಿದ್ದಾಗಲೇ ದೇವರಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. ಊರೂರು ತಿರುಗಿ ಮುತ್ತು ಕಟ್ಟುವುದನ್ನು ತಡೆದರು, ಮಕ್ಕಳನ್ನು ಸಾಲಿಗೆ ಹಚ್ಚಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತನ್ನ ಹೆಸರನ್ನು ಮುಚ್ಚಿಕೊಳ್ಳದೆ ಸೀತವ್ವ ಎಂದೇ ನಿಂತದ್ದು ನನ್ನ ಮಟ್ಟಿಗೆ ಪದ್ಮಶ್ರೀಗಿಂತ ದೊಡ್ಡದು. ನನ್ನ ಹಳ್ಳಿಯ ಆಯಿಗೆ ಬಾರದ ಧೈರ್ಯ ಇವರಿಗೆ ಬಂದದ್ದು ಸಂಘಟನೆಯಿಂದ. ನಮ್ಮ ಸೀಮೆಯ ಶಿಕ್ಷಣದ ಚರಿತ್ರೆ, ಪರಂಪರೆಯ ಚರಿತ್ರೆ ಬರೆಯುವವರು ಕೃಷ್ಣಶರ್ಮ, ಕಟ್ಟೀಮನಿ, ಕಂಬಾರರ ಸಾಲಿನಲ್ಲೇ ಈ ಹೆಸರನ್ನೂ ಬರೆಯಬೇಕು.

ಗೆಳೆಯರೆ, ಮಾಸ್ತರರೆ, ಓದುವ ಹುಡುಗರೆ, ಮೂವರು ಹಿರಿಯರನ್ನೂ ಓದಿರಿ. ಕೃಷ್ಣಶರ್ಮರಿಂದ ಕಿವಿ ಕಲಿಯಬೇಕು, ಕಟ್ಟೀಮನಿಯವರಿಂದ ಸಿಟ್ಟು, ಕಂಬಾರರಿಂದ ಕಸುಬು. ಆಮೇಲೆ ಅವರು ಬಿಟ್ಟ ಕೆಲಸಕ್ಕೆ ಕೈ ಹಾಕಿರಿ. ಒಂದು ನೂರು ಹಾಳೆಯ ವಹಿ ಸಾಕು. ಹಾಡಿದವರು ಯಾರು, ಯಾರಿಂದ ಕಲಿತರು, ಊರಲ್ಲಿ ಅವರ ಮನೆ ಎಲ್ಲಿದೆ, ಅವರ ಮನೆಯಲ್ಲಿ ಸಾಲಿಗೆ ಹೋಗುವ ಮಕ್ಕಳು ಎಷ್ಟು, ಬಿಟ್ಟವರು ಎಷ್ಟು, ಯಾಕೆ ಬಿಟ್ಟರು. ಹೆಸರು ಹಾಕಲೇ ಎಂದು ಕೇಳಿರಿ. ಬೇಡ ಅಂದರೆ ಯಾಕೆ ಅಂದರೆಂಬುದನ್ನು ಬರೆಯಿರಿ. ಹಾಡು ಕೊನೆಗೆ ಬರಲಿ.

ಧಾರವಾಡದ ಸಾಲಿಯ ಬಾಗಿಲಿಗೆ 1856ರಲ್ಲಿ ಬಂದು ನಿಂತ ಹುಡುಗನಿಗೆ ಹಾಡು ಬರುತ್ತಿತ್ತೋ ಇಲ್ಲವೋ. ಅವನು ಕೇಳಿದ್ದು ಒಂದು ಜಾಗ. ಆಯಿಯೂ ನನ್ನನ್ನು ಕೇಳಿದ್ದು ಅದನ್ನೇ.